ಯಾವುದೇ ಅನುಮಾನ ಇರುವುದಿಲ್ಲ

ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಝೆರಾಕ್ಸ್, ಪಹಣಿ, ಬಾಂಡ್ ಪೇಪರ್, ಜೊತೆಗೆ ಠಾಣೆಗೆ ಕೊಡುವ ಅರ್ಜಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಎರಡು ವರ್ಷದಿಂದ ರಾತ್ರಿ ಶಟರ್ ಎಳೆದ ಮೇಲೆ ಅದೇ ಕಂಪ್ಯೂಟರಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಅದು ಹುಟ್ಟಿದ್ದು ಒಂದು ಸಾಲಿನಿಂದ.

ನೀರಿಗೆ ಬಿದ್ದೋ, ಮರದಿಂದ ಬಿದ್ದೋ ಯಾರಾದರೂ ಸತ್ತರೆ ಮನೆಯವರು ಠಾಣೆಗೆ ಅರ್ಜಿ ಕೊಡುತ್ತಾರೆ. ಅದರ ಮೇಲೆ ಯುಡಿಆರ್ ಆಗುತ್ತದೆ, ಅಂದರೆ ಅಸಹಜ ಸಾವಿನ ಪ್ರಕರಣ. ಆಮೇಲೆ ಪಂಚನಾಮೆ, ಪೋಸ್ಟ್‌ಮಾರ್ಟಂ. ಆಮೇಲೇ ಹೆಣ ಮನೆಗೆ. ಆ ಅರ್ಜಿಯ ಕೊನೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದು ಮಾತು ಹಾಕಿಸುತ್ತಾರೆ: ‘ಮೃತರ ಸಾವಿನಲ್ಲಿ ನಮಗೆ ಬೇರೆ ಯಾವುದೇ ಅನುಮಾನ ಇರುವುದಿಲ್ಲ.’ ನನ್ನ ಬೆರಳುಗಳಿಗೆ ಆ ಸಾಲು ಬಾಯಿಪಾಠ.

ಒಂದು ಆಷಾಢದ ಬೆಳಿಗ್ಗೆ ವಯಸ್ಸಾದವರೊಬ್ಬರು ಬಂದರು. ಯಾರು, ಯಾವ ಊರು ಅಂತ ಬರೆಯುವುದಿಲ್ಲ. ಜೊತೆಗೆ ಸಂಬಂಧದ ಹುಡುಗನೊಬ್ಬ ಇದ್ದ. ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡಿದೆ. ಪ್ರಿಂಟ್ ತೆಗೆದು ಕೊಟ್ಟಾಗ ಹಿರಿಯರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ತೋಟಕ್ಕೆ ಔಷಧಿ ಹೊಡೆಸುವ ಕಾಲ ಅದು. ಉಗುರಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಇನ್ನೂ ಹೋಗಿರಲಿಲ್ಲ.

‘ಈ ಸಾಲು ಬೇಕೇ ಬೇಕಾ ತಮ್ಮಾ?’

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: ‘ಬೇಕು ದೊಡ್ಡಪ್ಪ. ಇಲ್ಲಾಂದ್ರೆ ಬಾಡಿ ಕೊಡೋದು ತಡ ಆಗ್ತದೆ.’

ಅವರು ಮತ್ತೇನೂ ಕೇಳಲಿಲ್ಲ. ಕಾಗದದ ಮೇಲೆ ಬೆರಳಿನ ಒದ್ದೆ ಗುರುತು ಬಿದ್ದಿತ್ತು. ಇನ್ನೊಂದು ಪ್ರಿಂಟ್ ತೆಗೆದುಕೊಟ್ಟೆ. ಸಹಿ ಹಾಕಿದರು, ಹೋದರು. ಅವರಿಗೆ ಅನುಮಾನ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲ ಅಂತ ಬರೆಯುವುದಕ್ಕೆ ಅವರ ಕೈ ಒಪ್ಪಲಿಲ್ಲ, ಅಷ್ಟನ್ನು ಕಣ್ಣಾರೆ ನೋಡಿದೆ.

ನನ್ನ ಕಥೆ ಶರಾವತಿ ಹಿನ್ನೀರಿನಲ್ಲಿ ನಡೆಯುತ್ತದೆ. ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದರೆ ನೀರು ಸಮುದ್ರಮಟ್ಟದಿಂದ 1819 ಅಡಿ. 1964ರಲ್ಲಿ ಅದು ಮುಗಿದಾಗ ಊರು, ಗದ್ದೆ, ರಸ್ತೆಗಳ ಜೊತೆ ಅದಕ್ಕಿಂತ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೆಯೂ ಮುಳುಗಿತು. ನೀರು ತೀರಾ ಇಳಿದ ವರ್ಷ ಹೆಚ್ಚಾದ ನೀರು ಹೊರಹೋಗಲು ಅದಕ್ಕಿದ್ದ ಸೈಫನ್‌ಗಳ ದುಂಡನೆಯ ಬಾಯಿ ಮೇಲೆ ಕಾಣುತ್ತದೆ. ಹಳೇ ಮರಗಳ ಬೊಡ್ಡೆ ಕಾಣುತ್ತದೆ, ಹಳೇ ರಸ್ತೆ ಕಾಣುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತಲ್ವಾ, ಮರುವರ್ಷದ ಬೇಸಿಗೆಯನ್ನೇ ಕಥೆಗೆ ತೆಗೆದುಕೊಂಡೆ. ಮೇ ತಿಂಗಳಲ್ಲಿ ಹಳೇ ರಸ್ತೆಯ ಕೆಸರಿನಲ್ಲಿ ಒಂದು ಬೈಕ್ ಸಿಗುತ್ತದೆ. ಕೀ ಅದರಲ್ಲೇ ಇದೆ. ಅದು 2016ರಲ್ಲಿ ತೆಪ್ಪ ಮಗುಚಿ ಸತ್ತ ಅಂತ ದಾಖಲಾದ ಹುಡುಗನದು. ಬೈಕ್ ಎಲ್ಲಿ ಅಂತ ಆಗ ಯಾರೂ ಕೇಳಿರಲಿಲ್ಲ.

ಆಗ ಆ ಯುಡಿಆರ್ ಮುಗಿಸಿದ ಹೊಸ ಪಿಎಸ್‌ಐ ಈಗ ಇನ್ಸ್‌ಪೆಕ್ಟರ್ ಆಗಿ ಅದೇ ಠಾಣೆಗೆ ವಾಪಸ್ ಬಂದಿದ್ದಾನೆ. ಇವನೇ ನನ್ನ ತನಿಖಾಧಿಕಾರಿ.

ನಾನು ಓದಿದ ಎಷ್ಟೋ ಪತ್ತೇದಾರಿ ಕಥೆಗಳಲ್ಲಿ ಅಧಿಕಾರಿಯ ಸಂಕಟ ಅಂದರೆ ಬಾಟಲಿ, ಬಿಟ್ಟುಹೋದ ಹೆಂಡತಿ, ಖಾಲಿ ಮನೆ. ನನಗೆ ಅದು ಸಾಕಾಗುವುದಿಲ್ಲ. ಸಣ್ಣ ಊರಿನಲ್ಲಿ ಒಂಟಿಯಾಗಿರುವುದಕ್ಕೇ ಆಗುವುದಿಲ್ಲ. ಇನ್ಸ್‌ಪೆಕ್ಟರ್ ಎಲ್ಲಿ ಊಟ ಮಾಡಿದ, ಯಾರ ಮನೆಯ ಗೃಹಪ್ರವೇಶಕ್ಕೆ ಹೋದ, ಎಲ್ಲ ಸಂಜೆಯೊಳಗೆ ಅಡಿಕೆ ಮಂಡಿಗೆ ಗೊತ್ತು. ನನ್ನ ಇನ್ಸ್‌ಪೆಕ್ಟರನಿಗೆ ಆ ಹುಡುಗನ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾನೆ, ಸೊಸೈಟಿಯಲ್ಲಿ ಸಿಗುತ್ತಾನೆ. ಸಿಕ್ಕಾಗಲೆಲ್ಲ ಕೈ ಮುಗಿಯುತ್ತಾನೆ. ‘ನಮಸ್ಕಾರ ಸಾರ್, ಆವತ್ತು ಬೇಗ ಬಿಡಿಸಿಕೊಟ್ಟಿರಿ, ಉಪಕಾರ ಆಯ್ತು.’ ಈ ಮಾತು ಬರೆದ ರಾತ್ರಿ ನನಗೇ ನಿದ್ದೆ ಬರಲಿಲ್ಲ.

ಹೆಣ ಬೇಗ ಬಿಟ್ಟುಕೊಟ್ಟದ್ದೇ ಇನ್ಸ್‌ಪೆಕ್ಟರನ ತಪ್ಪು. ಜೀವ ಇರುವಾಗ ನೀರಿಗೆ ಬಿದ್ದರೆ ಉಸಿರಿನ ಜೊತೆ ನೀರು ಒಳಗೆ ಹೋಗುತ್ತದೆ. ಅದರಲ್ಲಿರುವ ಡಯಾಟಮ್ ಅನ್ನುವ ಕಣ್ಣಿಗೆ ಕಾಣದ ಪಾಚಿ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೂ ತಲುಪುತ್ತದೆ. ಸತ್ತ ಮೇಲೆ ಎಸೆದರೆ ರಕ್ತ ಓಡುವುದಿಲ್ಲ, ಅಲ್ಲಿಗೆ ತಲುಪುವುದಿಲ್ಲ. ಅದಕ್ಕೇ ತೊಡೆಮೂಳೆಯ ತುಂಡನ್ನೂ ಆ ಜಾಗದ ನೀರನ್ನೂ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದು. ಇವನು ಕಳಿಸಿರಲಿಲ್ಲ. ಯಾಕೆಂದರೆ ಅರ್ಜಿಯಲ್ಲಿ ಯಾವುದೇ ಅನುಮಾನ ಇರಲಿಲ್ಲ. ಹೆಣ ಸುಟ್ಟಾಗಿದೆ. ಈಗ ಅವನ ಹತ್ತಿರ ಇರುವುದು ಒಂದು ಬೈಕ್, ಎಂಟು ವರ್ಷದ ಹಳೇ ಕಡತ, ಅದರಲ್ಲಿ ಅವನದೇ ಸಹಿ.

ಕಾನೂನಿನ ಭಾಗಕ್ಕೆ ಬಹಳ ಕಷ್ಟಪಟ್ಟೆ. 2024ರ ಜುಲೈ 1ಕ್ಕೆ ಐಪಿಸಿ, ಸಿಆರ್‌ಪಿಸಿ ಜಾಗಕ್ಕೆ ಹೊಸ ಕಾನೂನು ಬಂತು. ಕೊಲೆ ಅಂದರೆ 302ನೇ ಕಲಂ ಅಂತಿದ್ದದ್ದು 103 ಆಯಿತು. ಯುಡಿಆರ್‌ನ 174 ಹೋಗಿ 194 ಬಂತು. ಆದರೆ 2016ರಲ್ಲಿ ನಡೆದ ಕೊಲೆಗೆ ಇವತ್ತಿಗೂ 302 ಕಲಮೇ. ಇದನ್ನು ವಕೀಲರೊಬ್ಬರು ಕೂತು ಬಿಡಿಸಿ ಹೇಳಿದರು.

ಇನ್ನೊಂದು ಕಡೆ ಪೂರ್ತಿ ತಿದ್ದಬೇಕಾಯಿತು. ಮೊದಲು ಕಥೆಯೆಲ್ಲ ಹೊಳೆಬಾಗಿಲಿನ ಲಾಂಚ್, ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿಯ ಮೇಲೆ ನಿಂತಿತ್ತು. ಕೊನೆಯ ಲಾಂಚ್ ಹೋದ ಮೇಲೆ ಆಚೆ ದಡದವರು ಈಚೆಗೆ ಬರುವುದು ಸುಲಭ ಅಲ್ಲ. ರಾತ್ರಿ ಆಚೆಯೇ ಇದ್ದರು ಅನ್ನುವುದಕ್ಕೆ ಇಡೀ ಊರೇ ಅವರಿಗೆ ಸಾಕ್ಷಿ. 2025ರ ಜುಲೈನಲ್ಲಿ ಆ ಹಿನ್ನೀರಿಗೇ ಸಿಗಂದೂರು ಸೇತುವೆ ಆಯಿತು, ಈಗ ಯಾವ ಹೊತ್ತಿಗೂ ದಾಟಬಹುದು. ಆ ಜನ ಎಷ್ಟು ವರ್ಷ ಕಾದಿದ್ದರು ಅಂತ ಗೊತ್ತಿದ್ದವನಿಗೆ ಅದು ದೊಡ್ಡ ಸಂತೋಷ. ಹಾಗಾಗಿ ಕಥೆಯ ಕೊನೆಯ ಅಧ್ಯಾಯವನ್ನು ಸೇತುವೆ ಆದ ಮೇಲಿನ ದಿನಕ್ಕೆ ತಂದೆ. ಇನ್ಸ್‌ಪೆಕ್ಟರ್ ರಾತ್ರಿ ಸೇತುವೆ ಮೇಲೆ ಜೀಪು ನಿಲ್ಲಿಸಿ, ಹಿಂದೆ ಲಾಂಚ್ ಓಡಾಡುತ್ತಿದ್ದ ನೀರನ್ನು ನೋಡುತ್ತಾನೆ.

ಆದರೆ ಅದಕ್ಕೂ ಹಿಂದಿನ ಅಧ್ಯಾಯ ಇನ್ನೂ ಆಗಿಲ್ಲ. ಅದರಲ್ಲಿ ಅಪ್ಪ ಹೊಸ ಅರ್ಜಿ ಬರೆಸಲು ಬರಬೇಕು. ನಾಲ್ಕು ಸಲ ಬರೆದೆ, ನಾಲ್ಕೂ ಸಲ ಅವನು ಜಾಸ್ತಿ ಮಾತಾಡಿದ. ಅಂಗಡಿಗೆ ಬಂದ ಆ ಹಿರಿಯರು ಆಡಿದ್ದು ಒಂದೇ ಮಾತು. ಇವನಿಗೂ ಅಷ್ಟೇ ಇರಬೇಕು.

ಈ ಭಾನುವಾರ ಅಂಗಡಿ ಮುಚ್ಚಿ ಹಿನ್ನೀರಿನ ಕಡೆ ಹೋಗುತ್ತೇನೆ. ನೀರು ಇಳಿದ ದಡದಲ್ಲಿ ಕಾಲಿಟ್ಟರೆ ಕೆಸರು ಎಷ್ಟು ಆಳ ಎಳೆಯುತ್ತದೆ ಅಂತ ನೋಡಿಕೊಂಡು ಬರಬೇಕು.