ಬಾಗಿಲಿಗೆ ಬಂದ ಕರಪತ್ರ

ನವೆಂಬರ್ 9, 2025, ಭಾನುವಾರ

ಬೆಳಿಗ್ಗೆ ಬಾಗಿಲ ಸಂದಿಯಿಂದ ಬಿದ್ದ ಕರಪತ್ರ ಇನ್ನೂ ಅಡುಗೆಮನೆ ಕಟ್ಟೆ ಮೇಲೇ ಇದೆ. ಮೂರು ಮಡಿಕೆ, ಮೇಲೆ ಬಾವುಟ. ಮಳೆಗೆ ನೆನೆದು ಕೆಂಪು ಬಣ್ಣ ಬಿಳಿಗೆ ಹತ್ತಿದೆ. ಹೆಸರೇ ಕೇಳಿರದ ಪಕ್ಷ. ಪುಟ್ಟಿ ತಂದುಕೊಟ್ಟು "ಅಮ್ಮಾ, ಇದು ನಮಗಾ?" ಅಂದಳು. ಏನು ಹೇಳಲಿ? ದೋಸೆ ಆರುತ್ತೆ, ತಿನ್ನು ಅಂದೆ.

ಸಂಜೆ ಲಂಡನ್‌ನ ಸೌತಾಲ್‌ನಲ್ಲಿರೋ ದೊಡ್ಡಪ್ಪನಿಗೆ ಫೋನ್ ಮಾಡಿ ಕರಪತ್ರದ ವಿಷಯ ಹೇಳಿದೆ. "ಬಿಡಿ ದೊಡ್ಡಪ್ಪ, ಇವಕ್ಕೆಲ್ಲ ಠೇವಣಿನೂ ಉಳಿಯಲ್ಲ" ಅಂದೆ. ನನಗೇ ಸಮಾಧಾನ ಬೇಕಿತ್ತು ಅನ್ಸುತ್ತೆ.

"1979ರಲ್ಲೂ ಉಳಿದಿರಲಿಲ್ಲ ಕಣಮ್ಮ" ಅಂದರು.

ಆ ಸಲದ ಸಾರ್ವತ್ರಿಕ ಚುನಾವಣೆಯಲ್ಲಿ, ವಲಸೆ ಬಂದವರು ಇಲ್ಲಿರಬಾರದು ಅನ್ನೋ ಪಕ್ಷ ನ್ಯಾಷನಲ್ ಫ್ರಂಟ್ 303 ಕಡೆ ನಿಂತು ಎಲ್ಲ ಕಡೆಯೂ ಠೇವಣಿ ಕಳೆದುಕೊಂಡಿತ್ತು. ಆದರೆ ಮತದಾನಕ್ಕೆ ಹತ್ತು ದಿನ ಮೊದಲು, ಏಪ್ರಿಲ್ 23ಕ್ಕೆ, ಸೌತಾಲ್ ಟೌನ್ ಹಾಲ್‌ನಲ್ಲೇ ಅವರು ಸಭೆ ಇಟ್ಟರು. ಊರಿಗೆ ಊರೇ ಬೀದಿಗಿಳಿಯಿತು. ಪ್ರತಿಭಟನೆಗೆ ಬಂದಿದ್ದ ಬ್ಲೇರ್ ಪೀಚ್ ಎಂಬ ಮೇಷ್ಟ್ರು ತಲೆಗೆ ಪೆಟ್ಟು ಬಿದ್ದು ಸತ್ತರು. ದೊಡ್ಡಪ್ಪ ಅವತ್ತು ಕೆಲಸ ಮುಗಿಸಿ ಹಿಂದಿನ ಗಲ್ಲಿಗಳಲ್ಲಿ ಸುತ್ತಿ ಸುತ್ತಿ ಮನೆ ಸೇರಿದ್ದರಂತೆ. ಇಷ್ಟು ವರ್ಷದಲ್ಲಿ ನನಗೆ ಇದನ್ನು ಹೇಳೇ ಇರಲಿಲ್ಲ.

ಆಮೇಲೆ ಆ ಪಕ್ಷ ಒಡೆಯಿತು. ಅದರ ಮುಖಂಡನಾಗಿದ್ದ ಟಿಂಡಾಲ್ ಹೊರಗೆ ಬಂದು 1982ರಲ್ಲಿ ಬಿಎನ್‌ಪಿ, ಅಂದರೆ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಕಟ್ಟಿದ. ಅದು 2009ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸಿತು, ಆಗಿನ ಮುಖಂಡ ಗ್ರಿಫಿನ್ ಮತ್ತು ಬ್ರಾನ್ಸ್. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಲಂಡನ್‌ನ ಬಾರ್ಕಿಂಗ್ ಕ್ಷೇತ್ರದಲ್ಲಿ ಗ್ರಿಫಿನ್ ಮೂರನೇ ಸ್ಥಾನಕ್ಕೆ ಬಿದ್ದ. ಅಲ್ಲಿಂದ ಪಾಲಾಗೋದು ಶುರು. ಬಿಟ್ಟು ಹೋದವರು 2011ರಲ್ಲಿ ಬ್ರಿಟನ್ ಫಸ್ಟ್ ಅನ್ನೋ ಸಂಘಟನೆ ಮಾಡಿದರು, ಬ್ರಾನ್ಸ್ ತನ್ನ ದಾರಿ ಹಿಡಿದ, 2014ರಲ್ಲಿ ಗ್ರಿಫಿನ್‌ನನ್ನೇ ಪಕ್ಷ ಆಚೆ ಹಾಕಿತು.

ನಾನು ಇದನ್ನೆಲ್ಲ ಒಳ್ಳೇ ಸುದ್ದಿ ಅಂತಲೇ ನೋಡಿಕೊಂಡು ಬಂದಿದ್ದೆ. ಹೋಳಾದಷ್ಟೂ ಬಲ ಕಡಿಮೆ, ಅಲ್ವಾ?

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕುರ್ಚಿಗೆ ಕಿತ್ತಾಡ್ತಾರೆ, ದುಡ್ಡಿಗೆ ಕಿತ್ತಾಡ್ತಾರೆ. ನಾವು ಇಲ್ಲಿರಬಾರದು ಅನ್ನೋ ವಿಷಯಕ್ಕೆ ಒಬ್ಬರಿಗೊಬ್ಬರು ಜಗಳ ಆಡಿದ್ದನ್ನ ಮಾತ್ರ ನಾನು ಕಾಣೆ" ಅಂದರು.

ಊಟ ಸೇರಲಿಲ್ಲ. ಪುಟ್ಟಿ ಮಲಗಿದ ಮೇಲೆ ಎಸೆಯೋಣ ಅಂತ ಕರಪತ್ರ ಎತ್ತಿಕೊಂಡೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೊರತಂದವರ ವಿಳಾಸ ಇದೆ. ಪೋಸ್ಟ್‌ಕೋಡ್ ನಮ್ಮ ಏರಿಯಾದ್ದೇ. ನಾನು ದಿನಾ ಪುಟ್ಟಿಯನ್ನು ಸ್ಕೂಲಿಗೆ ಬಿಡೋದು ಅದೇ ಬೀದಿ ಹಾದು. ಆ ಬೀದಿಯಲ್ಲಿ ಗುಡ್ ಮಾರ್ನಿಂಗ್ ಹೇಳುವವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಳ್ಳುತ್ತಾ ಕೂತಿದ್ದೇನೆ, ನಾಯಿ ಹಿಡಿದುಕೊಂಡು ಬರುವ ಅಜ್ಜ, ಮೂಲೆಮನೆ ಹೆಂಗಸು,