338 ಮೀಟರ್, ಜೊತೆಗೆ ಗಾಳಿ

ಇವತ್ತು ಯಾರೋ ಮತ್ತೆ ಆ ಹಳೇ ವಿಡಿಯೋ ಹಾಕಿದ್ರು. 2016ರ ಮಾರ್ಚ್, ನೆವಾಡಾದ ಪ್ರಿಮ್, ಒಣಗಿದ ಕೆರೆಯಂಗಳ. ಡೇವಿಡ್ ವಿಗಿನ್ಸ್ ಜೂನಿಯರ್ ಎಸೆದ ಡಿಸ್ಕ್ (ಫ್ರಿಸ್ಬೀ ತರಹದ ಹಾರುವ ತಟ್ಟೆ) 338 ಮೀಟರ್ ಹೋಗಿ ಬಿತ್ತು, ದಾಖಲೆ ಆಯ್ತು.

ಕೆಳಗೆ ಅದೇ ಹಳೇ ಜಗಳ: "ಎಸೆದಿದ್ದು ಅವನಾ, ಗಾಳಿಯಾ?"

ಲೆಕ್ಕ ಹಾಕಿ. ಹಿಂದಿಂದ ಸೆಕೆಂಡಿಗೆ 10 ಮೀಟರ್ ಗಾಳಿ, ಡಿಸ್ಕ್ 9 ಸೆಕೆಂಡ್ ಮೇಲಿದ್ರೆ, ಗಾಳಿಯೊಂದೇ ಸುಮಾರು 90 ಮೀಟರ್ ಹೊತ್ತೊಯ್ಯುತ್ತೆ.

ಆದರೆ ಪುಕ್ಕಟೆ ಅಲ್ಲ ಅದು. ಹಿಂದಿಂದ ಗಾಳಿ ಬಂದ್ರೆ ಡಿಸ್ಕಿಗೆ ತಾಗೋ ಗಾಳಿಯ ವೇಗ ಕಮ್ಮಿ, ಎತ್ತೋ ಬಲವೂ ಕಮ್ಮಿ. ಮಾಮೂಲಿ ಎತ್ತರದಲ್ಲಿ ಎಸೆದ್ರೆ ಬೇಗ ಕುಸಿದು, ಬಲಗೈ ಬ್ಯಾಕ್‌ಹ್ಯಾಂಡ್ (ಎದೆಗೆ ಅಡ್ಡವಾಗಿ ತಂದು ಬೀಸೋ ಎಸೆತ) ಆದ್ರೆ ಎಡಕ್ಕೆ ವಾಲಿ ಬೀಳುತ್ತೆ. ಅದಕ್ಕೇ ಸುಲಭವಾಗಿ ಬಲಕ್ಕೆ ಹೊರಳೋ ಹಗುರ ಡ್ರೈವರ್ (ದೂರ ಎಸೆಯೋಕೆ ಮಾಡಿದ ಡಿಸ್ಕ್) ತಗೊಂಡು, ಮೂತಿ, ಅಂದ್ರೆ ಮುಂದಿನ ಅಂಚು, ಎತ್ತದೆ, ತುಂಬಾ ಎತ್ತರಕ್ಕೆ ಬಿಡಬೇಕು. ಮೂತಿ ಸ್ವಲ್ಪ ಎದ್ರೂ ಅಲ್ಲೇ ನಿಂತು ಬೀಳುತ್ತೆ, ಎಂಥಾ ಗಾಳಿ ಇದ್ರೂ!

ನೂರು ಮೀಟರ್ ಓಟ, ಲಾಂಗ್ ಜಂಪ್‌ನಲ್ಲಿ ಸೆಕೆಂಡಿಗೆ 2 ಮೀಟರ್ ದಾಟಿದ್ರೆ ದಾಖಲೆ ಇಲ್ಲ. ಅಥ್ಲೆಟಿಕ್ಸ್‌ನ ಭಾರದ ಚಕ್ರ ಎಸೆತ ಡಿಸ್ಕಸ್‌ಗೆ ಆ ಮಿತಿ ಇಲ್ಲ, ಅಲ್ಲಿ ಬೇಕಾಗಿರೋದು ಎದುರುಗಾಳಿ ಬೇರೆ. 2025ರ ಏಪ್ರಿಲ್‌ನಲ್ಲಿ ಮೈಕೋಲಾಸ್ ಅಲೆಕ್ನಾ ಡಿಸ್ಕಸ್ ವಿಶ್ವದಾಖಲೆಯ 75.56 ಮೀಟರ್ ಎಸೆದಿದ್ದೂ ಓಕ್ಲಹೋಮಾದ ರಮೋನಾದಲ್ಲಿ, ಗಾಳಿಗೇ ಹೆಸರಾದ ಮೈದಾನ.

ನನ್ನ ಪ್ರಕಾರ ಮಿತಿ ಹಾಕೋದು ಬೇಡ. 338ರ ಪಕ್ಕದಲ್ಲೇ ಗಾಳಿಯ ವೇಗ, ದಿಕ್ಕು ಬರೀರಿ. ಗಾಳಿ ಬೀಸದ ಒಳಾಂಗಣಕ್ಕೆ ಬೇರೇನೇ ಒಂದು ಪಟ್ಟಿ ಇರಲಿ, ಅಷ್ಟು ಉದ್ದದ ಛಾವಣಿ ಸಿಕ್ಕಿದ್ರೆ.