ಸೊನ್ನೆಯಿಂದ 196 ಮೀಟರ್: ಕಡಲಂಚಿನ ಹಾದಿಯ ದಿನಚರಿ

ಹೊರಡುವ ಹಿಂದಿನ ಸಂಜೆ

ನಕ್ಷೆಯಲ್ಲಿ ಈ ಹಾದಿ ಬಹಳ ಸೌಮ್ಯವಾಗಿ ಕಾಣುತ್ತದೆ. ಹೋಗುವ ದೂರ 14.5 ಕಿಲೋಮೀಟರ್. ನಾಲ್ಕು ಕಡಲತೀರಗಳು, ಅವುಗಳ ನಡುವೆ ನೀರಿಗೆ ಮೂಗು ಚಾಚಿ ನಿಂತ ಮೂರು ಭೂಶಿರಗಳು, ಕೊನೆಗೆ 196 ಮೀಟರ್ ಎತ್ತರದ ಒಂದು ಗುಡ್ಡ. ಬೆಟ್ಟ ಹತ್ತಿ ಅಭ್ಯಾಸವಿದ್ದವರಿಗೆ 196 ಎಂಬ ಅಂಕಿ ಏನೂ ಅಲ್ಲ ಅನಿಸುತ್ತದೆ. ಆದರೆ ಒಳನಾಡಿನ ಬೆಟ್ಟಗಳಲ್ಲಿ ಚಾರಣ ಶುರುವಾಗುವ ಜಾಗವೇ ಎಷ್ಟೋ ಎತ್ತರದಲ್ಲಿರುತ್ತದೆ. ನಕ್ಷೆ ಹೇಳುವ ಎತ್ತರದ ಬಹುಪಾಲನ್ನು ರಸ್ತೆಯೇ ಹತ್ತಿಸಿರುತ್ತದೆ. ಇಲ್ಲಿ ಕಾಲಿಡುವುದು ಸಮುದ್ರದ ಮಟ್ಟದಲ್ಲಿ. ಒಂದು ಮೀಟರ್ ಕೂಡ ಪುಕ್ಕಟೆ ಸಿಗುವುದಿಲ್ಲ.

ಜೊತೆಗೆ ಒಂದೊಂದು ಭೂಶಿರವೂ ಹತ್ತಿಸಿ ಮತ್ತೆ ಮರಳಿಗೇ ಇಳಿಸುತ್ತದೆ. ಸಮೋನ್ನತಿ ರೇಖೆಗಳನ್ನು ಎಣಿಸಿ ಕೂಡಿದೆ: ಮೊದಲನೆಯದಕ್ಕೆ 48, ಎರಡನೆಯದರ ಬುಡದ ಬಂಡೆಗಳ ಮೇಲೆ 12, ಮೂರನೆಯದಕ್ಕೆ 72, ಗುಡ್ಡಕ್ಕೆ 196. ಹೋಗುವಾಗ 328 ಮೀಟರ್ ಏರು, ಬರುವಾಗ ಮತ್ತೆ 132. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ನೆತ್ತಿ ಮುಟ್ಟಲು 3 ಗಂಟೆ 27 ನಿಮಿಷ ಸಾಕು. ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಮಲಗಿದೆ.

ಮೊದಲ ದಿನ, ಹುಣ್ಣಿಮೆ

ನೆತ್ತಿ ಮುಟ್ಟಲಿಲ್ಲ. 4.4 ಕಿಲೋಮೀಟರ್ ಹೋಗಿ ಹಿಂದಿರುಗಿದೆವು.

ಬೆಳಿಗ್ಗೆ 7ಕ್ಕೆ ನಾನು, ತಂಗಿ ಇಬ್ಬರೂ ಹೊರಟೆವು. ಸಮುದ್ರ ಪೂರ್ತಿ ಇಳಿದದ್ದು 6 ಗಂಟೆ 10 ನಿಮಿಷಕ್ಕೆ ಎಂದು ಉಬ್ಬರವಿಳಿತದ ಪಟ್ಟಿಯಲ್ಲಿತ್ತು. ನೀರು ಕೆಳಗಿದೆ, ದಾರಿ ತೆರೆದಿದೆ ಎಂದುಕೊಂಡು ಮೊದಲ ತೀರದಲ್ಲಿ ನಿಧಾನವಾಗಿ ನಡೆದೆವು, ಮೊದಲ ಭೂಶಿರದ ಮೇಲೆ ಬಹಳ ಹೊತ್ತು ನಿಂತೆವು. ಎರಡನೆಯ ಭೂಶಿರದ ಬುಡಕ್ಕೆ ಬಂದಾಗ 8 ಗಂಟೆ 50 ನಿಮಿಷ. ಇದರ ಮೇಲೆ ಕಾಲುದಾರಿ ಇಲ್ಲ, ದಟ್ಟ ಮುಳ್ಳುಪೊದೆ. ಬುಡದ ಬಂಡೆಗಳ ಮೇಲೆ 400 ಮೀಟರ್ ಹಾದುಹೋಗಬೇಕು.

ಮೊದಲ ಬಂಡೆಯ ಪಕ್ಕದಲ್ಲಿ ಆನೆಯ ಬೆನ್ನಿನಂಥ ಒಂದು ಕಲ್ಲು ನೀರಿನಿಂದ ಮೇಲೆದ್ದು ನಿಂತಿತ್ತು. ಷೂ ದಾರ ಬಿಗಿದು, ಚೀಲದ ಪಟ್ಟಿ ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಅದರ ಮೇಲೆ ನೀರು ಹರಿಯುತ್ತಿತ್ತು. ಕಾಲು ಗಂಟೆಯೂ ಆಗಿರಲಿಲ್ಲ.

ನಾನು ಹೇಳಿದೆ, "ಬೇಗ ಬೇಗ ನಡೆದರೆ ದಾಟಬಹುದು."

"ದಾಟುವುದೇನೋ ದಾಟಬಹುದು ಅಣ್ಣಾ. ಮಧ್ಯದಲ್ಲಿ ಕಾಲು ಉಳುಕಿದರೆ ಎಲ್ಲಿ ನಿಲ್ಲುತ್ತೀಯ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಿರುಗಿದೆವು. ಇಡೀ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಮಾಡಿದ್ದಿಲ್ಲ ಎಂದು ಈಗಲೂ ನಂಬಿದ್ದೇನೆ.

ತಪ್ಪು ಎಲ್ಲಾಯಿತು ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ನೀರು ಒಂದೇ ವೇಗದಲ್ಲಿ ಏರುತ್ತದೆ ಎಂದು ಭಾವಿಸಿದ್ದೆ. ನಾವಿಕರ ಹಳೆಯ ಲೆಕ್ಕವೊಂದಿದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ಅಂದರೆ ಅರ್ಧದಷ್ಟು ನೀರು ನಡುವಿನ ಎರಡೇ ಗಂಟೆಗಳಲ್ಲಿ ನುಗ್ಗುತ್ತದೆ. ನಾವು ಬಂಡೆಯ ಬಳಿ ನಿಂತದ್ದು ಸರಿಯಾಗಿ ಮೂರನೆಯ ಗಂಟೆಯಲ್ಲಿ. ಅದೂ ಹುಣ್ಣಿಮೆಯ ದಿನ, ಏರಿಳಿತದ ಅಂತರ 2.2 ಮೀಟರ್.

ಎಂಟನೆಯ ದಿನ, ಅಷ್ಟಮಿ

ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ಹಾದಿಯಲ್ಲಿ ಸ್ವಲ್ಪ ಮುಂದೆ ಸರಿದಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಅಷ್ಟು ಹೆಚ್ಚು ಹೊತ್ತು ಬೇಕು. ಹಾಗಾಗಿ ಒಂದು ವಾರದಲ್ಲಿ ಬೆಳಗಿನ ಇಳಿತ ನಡುಹಗಲಿಗೆ ಸರಿದಿತ್ತು. ಮಧ್ಯಾಹ್ನ 12ಕ್ಕೆ ಇಳಿತ. ನಾವು 11 ಗಂಟೆ 15 ನಿಮಿಷಕ್ಕೇ ಬಂಡೆಗಳ ಬಳಿ ಕಾದು ಕುಳಿತೆವು.

ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಆನೆಬೆನ್ನಿನ ಕಲ್ಲು ಮೇಲೆ ಬಂತು, ಅದರಾಚೆಗಿನ ತಗ್ಗಾದ ಬಂಡೆಸಾಲು ಮಾತ್ರ ನೀರಿನಡಿಯಿಂದ ಏಳಲೇ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುತ್ತದೆ. ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡು ಸೆಳೆತಗಳೂ ಲಂಬವಾಗಿ ನಿಂತು ಒಂದರ ಬಲವನ್ನು ಇನ್ನೊಂದು ತಗ್ಗಿಸುತ್ತದೆ. ಆ ದಿನದ ಅಂತರ ಬರೀ 0.9 ಮೀಟರ್ ಇತ್ತು. ಇಳಿತದ ಹೊತ್ತನ್ನು ಮಾತ್ರ ನೋಡಿದ್ದೆ, ಪಕ್ಕದ ಕಾಲಮಿನಲ್ಲಿದ್ದ ಎತ್ತರವನ್ನು ನೋಡಿರಲಿಲ್ಲ. ಪಟ್ಟಿಯಲ್ಲಿ ಎರಡು ಅಂಕಿಗಳಿರುತ್ತವೆ, ಎರಡನ್ನೂ ಓದಬೇಕು.

ದಾಟಲಾಗದ ದಿನ ವ್ಯರ್ಥವಾಗಬಾರದು ಎಂದು ಮೊದಲ ತೀರಕ್ಕೆ ಮರಳಿ ಮರಳಿನ ಲೆಕ್ಕ ಹಿಡಿದೆವು. 2.1 ಕಿಲೋಮೀಟರ್ ಉದ್ದದ ಆ ತೀರವನ್ನು ಒಮ್ಮೆ ಮೇಲಿನ ಒಣಮರಳಿನಲ್ಲಿ, ಒಮ್ಮೆ ನೀರಂಚಿನ ಹಸಿಮರಳಿನಲ್ಲಿ ನಡೆದೆವು. ಒಣಮರಳಿನಲ್ಲಿ 51 ನಿಮಿಷ, ಹಸಿಮರಳಿನಲ್ಲಿ 27. ಒಣಮರಳು ಪ್ರತಿ ಹೆಜ್ಜೆಯಲ್ಲೂ ಹಿಮ್ಮಡಿಯ ಕೆಳಗಿಂದ ಜಾರುತ್ತದೆ, ದೇಹವನ್ನು ಮುಂದೆ ತಳ್ಳಬೇಕಾದ ಬಲ ಮರಳನ್ನು ಹಿಂದೆ ತಳ್ಳುವುದಕ್ಕೆ ಖರ್ಚಾಗುತ್ತದೆ. ಮೀನಖಂಡಗಳು ಮರುದಿನವೂ ಕಲ್ಲಿನಂತಿದ್ದವು.

ಹಸಿಮರಳಿನಲ್ಲಿ ಒಂದು ನೋಟ ನನ್ನನ್ನು ತಡೆದು ನಿಲ್ಲಿಸಿತು. ಈಗಷ್ಟೇ ಅಲೆ ಹಿಂದೆ ಸರಿದ, ಕನ್ನಡಿಯಂತೆ ಹೊಳೆಯುವ ಮರಳಿನ ಮೇಲೆ ಪಾದ ಊರಿ ಭಾರ ಹಾಕಿ. ಪಾದದ ಸುತ್ತ ಒಂದು ಅಂಗೈ ಅಗಲದಷ್ಟು ಮರಳು ತಟ್ಟನೆ ಬಿಳಿಚಿಕೊಂಡು ಒಣಗಿದಂತಾಗುತ್ತದೆ. ಪಾದ ಎತ್ತಿದರೆ ಗುರುತಿನಲ್ಲಿ ನೀರು ಜಿನುಗಿ ನಿಲ್ಲುತ್ತದೆ. ಒತ್ತಿದಾಗ ನೀರು ಮೇಲೆ ಬರಬೇಕಿತ್ತಲ್ಲ, ಒಳಗೆ ಏಕೆ ಹೋಯಿತು? ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದಕ್ಕೆ ಕಾರಣ ಹೇಳಿದರು. ಒತ್ತಾಗಿ ಕುಳಿತ ಮರಳಿನ ಕಣಗಳು ಅಲುಗಬೇಕಾದರೆ ಒಂದರ ಮೇಲೊಂದು ಹತ್ತಿ ಅಗಲವಾಗಲೇಬೇಕು. ಆಗ ಕಣಗಳ ನಡುವಿನ ಸಂದುಗಳು ಹಿಗ್ಗುತ್ತವೆ, ಮೇಲಿದ್ದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ತಂಗಿ ಬರಿಗಾಲಿನಲ್ಲಿ ಇದನ್ನೇ ಹತ್ತಾರು ಸಲ ಮಾಡಿ ನೋಡಿದಳು. ಬಿಳಿಚುವ ಮರಳು ಗಟ್ಟಿ ಮರಳು ಎಂಬುದು ನಮಗೆ ಅಂದು ಸಿಕ್ಕ ಗುರುತು. ಈಗ ನಡೆಯುವಾಗ ಅದನ್ನೇ ಹುಡುಕಿ ಹೆಜ್ಜೆ ಇಡುತ್ತೇವೆ.

ಒಂಬತ್ತರಿಂದ ಹದಿನಾರರವರೆಗೆ

ಮೇಜಿನ ಮೇಲಿನ ಕೆಲಸ. ಚಂದ್ರನ ಸೆಳೆತದ ಪೂರ್ಣ ಪರಿಣಾಮ ಹುಣ್ಣಿಮೆ, ಅಮಾವಾಸ್ಯೆಗಳಾದ ಒಂದೆರಡು ದಿನಗಳ ಮೇಲೆ ಕಾಣುತ್ತದೆ. ಅದಕ್ಕೇ ಅಮಾವಾಸ್ಯೆಯ ಮರುದಿನವನ್ನು ಆರಿಸಿದೆವು. ಇಳಿತ ಬೆಳಿಗ್ಗೆ 7 ಗಂಟೆ 5 ನಿಮಿಷಕ್ಕೆ, ಉಬ್ಬರ ಮಧ್ಯಾಹ್ನ 1 ಗಂಟೆ 15ಕ್ಕೆ, ಮರು ಇಳಿತ ಸಂಜೆ 7 ಗಂಟೆ 30ಕ್ಕೆ. ಬಂಡೆದಾರಿ ತೆರೆದಿರುವುದು ಇಳಿತದ ಹಿಂದೆ ಮುಂದೆ ಎರಡೆರಡು ಗಂಟೆ ಎಂದು ಹಿಡಿದೆವು. ಹಾಗಾದರೆ ಬೆಳಿಗ್ಗೆ 9 ಗಂಟೆಯಿಂದ ಸಂಜೆ 5 ಗಂಟೆ 30ರವರೆಗೆ ನಾವು ಆಚೆ ದಡದ ಬಂದಿಗಳು. ಅದಕ್ಕೆ ತಕ್ಕಂತೆ ತಲಾ 4 ಲೀಟರ್ ನೀರು, ತಲೆಗೆ ಕಟ್ಟುವ ದೀಪ, ಇನ್ನೊಂದು ಜೊತೆ ಕಾಲುಚೀಲ.

ಪಟ್ಟಿ ಹೇಳುವುದು ಸೂರ್ಯ ಚಂದ್ರರ ಲೆಕ್ಕ ಮಾತ್ರ. ದಡದತ್ತ ಬೀಸುವ ಗಾಳಿ ನೀರನ್ನು ಒತ್ತಿ ತರುತ್ತದೆ. ವಾತಾವರಣದ ಒತ್ತಡ ಒಂದು ಮಿಲಿಬಾರ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಬಿರುಗಾಳಿಯ ಸೂಚನೆ ಇದ್ದರೆ ಹೊರಡುವುದಿಲ್ಲ ಎಂದು ಮೊದಲೇ ಮಾತಾಡಿಕೊಂಡೆವು. ಈ ಲೆಕ್ಕವೆಲ್ಲ ನಮ್ಮ ಕಡಲಿಗೆ ಹೊಂದುವುದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅಂತರ 16 ಮೀಟರ್ ಮುಟ್ಟುತ್ತದೆ, ಮೆಡಿಟರೇನಿಯನ್ನಿನ ಅನೇಕ ಕಡೆ ಅರ್ಧ ಮೀಟರೂ ಇರುವುದಿಲ್ಲ.

ಹದಿನೇಳನೆಯ ದಿನ

5 ಗಂಟೆ 50ಕ್ಕೆ ಹೊರಟೆವು. ಎಲ್ಲಿಯೂ ನಿಲ್ಲದೆ 7 ಗಂಟೆ 10ಕ್ಕೆ ಬಂಡೆಗಳ ಬಳಿ. ಆನೆಬೆನ್ನಿನ ಕಲ್ಲು ಪೂರ್ತಿ ಬರಿದಾಗಿ, ಬುಡದಲ್ಲಿ ಮರಳು ಕಾಣುತ್ತಿತ್ತು.

ಈ 400 ಮೀಟರ್ ದಾಟಲು 25 ನಿಮಿಷ ಬೇಕಾಯಿತು. ಬಂಡೆಯ ಮೈಯನ್ನು ಪಟ್ಟಿ ಪಟ್ಟಿಯಾಗಿ ಓದಬಹುದು. ಎಲ್ಲಕ್ಕಿಂತ ಮೇಲೆ, ಅಲೆಯ ಹನಿ ಮಾತ್ರ ತಾಗುವಲ್ಲಿ ಕಪ್ಪು ಲೇಪ. ಒಣಗಿದ್ದಾಗ ಒರಟು, ಒದ್ದೆಯಾದರೆ ಎಣ್ಣೆ ಹಚ್ಚಿದ ಹಾಗೆ. ಅದರ ಕೆಳಗೆ ಬಿಳಿಯ ಪಟ್ಟಿ, ಬಂಡೆಗೆ ಅಂಟಿಕೊಂಡೇ ಬದುಕುವ ಬಾರ್ನಕಲ್‌ಗಳದು. ಚಿಪ್ಪಿನಂತೆ ಕಂಡರೂ ಅವು ಏಡಿ, ಸೀಗಡಿಗಳ ಬಂಧುಗಳು. ಅವುಗಳ ನಡುವಿನ ಬರಿಗಲ್ಲು ಕಾಲಿಗೆ ಚೆನ್ನಾಗಿ ಹಿಡಿಯುತ್ತದೆ. ಇನ್ನೂ ಕೆಳಗೆ ಹಸಿರು ಪಾಚಿ. ಅಲ್ಲಿ ಹೆಜ್ಜೆ ಇಡಲೇಬಾರದು. ಬಿಳಿಯ ಪಟ್ಟಿಯನ್ನೇ ಹಿಡಿದು, ಮೂರು ಕಡೆ ಆಧಾರ ಸಿಕ್ಕಿದ ಮೇಲೆಯೇ ನಾಲ್ಕನೆಯ ಕೈಯನ್ನೋ ಕಾಲನ್ನೋ ಸರಿಸುತ್ತಾ ಹೋದೆವು. ಒಂದು ಕೊರಕಲಿನಲ್ಲಿ ಉಳಿದಿದ್ದ ಬೊಗಸೆ ನೀರಿನಲ್ಲಿ ಉಗುರಿನಷ್ಟು ಏಡಿಯೊಂದು ತನ್ನದಲ್ಲದ ಶಂಖವನ್ನು ಹೊತ್ತು ಅವಸರದಲ್ಲಿ ಓಡಾಡುತ್ತಿತ್ತು.

ಮೂರನೆಯ ತೀರ 3.4 ಕಿಲೋಮೀಟರ್, ಅಗಲವಾದ ಹಸಿಮರಳು, 43 ನಿಮಿಷ. ಮೂರನೆಯ ಭೂಶಿರದಲ್ಲಿ ವಿಶೇಷವೇನಿಲ್ಲ, ಏರು, ಇಳಿವು. ನಾಲ್ಕನೆಯ ತೀರದಲ್ಲಿ ಮರಳೇ ಇಲ್ಲ. ಮುಷ್ಟಿ ಗಾತ್ರದಿಂದ ತಲೆ ಗಾತ್ರದವರೆಗಿನ ಗುಂಡುಗಲ್ಲುಗಳು. 1.2 ಕಿಲೋಮೀಟರಿಗೆ 35 ನಿಮಿಷ ಹಿಡಿಯಿತು. ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳೆಲ್ಲ ಒಟ್ಟಿಗೆ ಉರುಳುವ ಸದ್ದಿಗೆ ಮಾತು ನಿಲ್ಲಿಸಿ ನಡೆದೆವು.

ಗುಡ್ಡದ ಬುಡದಲ್ಲಿ ಗಡಿಯಾರದ ಎತ್ತರಮಾಪಕವನ್ನು ಸೊನ್ನೆಗೆ ತಂದೆ. ಕಡಲ ಚಾರಣದ ಒಂದು ಸೌಲಭ್ಯ ಇದು, ಸೊನ್ನೆ ಕಣ್ಣೆದುರಿಗೇ ಇರುತ್ತದೆ. ಮೂರು ಕಿಲೋಮೀಟರ್ ಕಾಲುದಾರಿ, ಕೊನೆಯ 60 ಮೀಟರ್ ಮಾತ್ರ ಕಡಿದು. 10 ಗಂಟೆ 50ಕ್ಕೆ ನೆತ್ತಿ. ನೈಸ್ಮಿತ್ ಲೆಕ್ಕದ ಮೂರೂವರೆ ಗಂಟೆ, ಮರಳು, ಬಂಡೆ, ಗುಂಡುಗಲ್ಲು ಸೇರಿ ಸರಿಯಾಗಿ ಐದು ಗಂಟೆಯಾಗಿತ್ತು. ಮಾಪಕ 204 ತೋರಿಸಿತು. ಅದು ಎತ್ತರವನ್ನು ಲೆಕ್ಕ ಹಾಕುವುದು ಗಾಳಿಯ ಒತ್ತಡದಿಂದ. ನಾವು ಹತ್ತುವಷ್ಟರಲ್ಲಿ ಗಾಳಿಯ ಒತ್ತಡ ಒಂದು ಮಿಲಿಬಾರಿನಷ್ಟು ಇಳಿದಿದ್ದರೂ ಇಷ್ಟು ವ್ಯತ್ಯಾಸ ಸಾಕು. ಸಮುದ್ರಮಟ್ಟದ ಹತ್ತಿರ ಒಂದು ಮಿಲಿಬಾರ್ ಎಂದರೆ ಎಂಟು ಮೀಟರಿಗೂ ತುಸು ಹೆಚ್ಚು.

ನೀರಂಚಿನಲ್ಲಿ ನಿಂತವರಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. ಎತ್ತರದ ಮೀಟರುಗಳ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರುಗಳಲ್ಲಿ ದೂರ ಸಿಗುತ್ತದೆ. 196ರ ವರ್ಗಮೂಲ 14. ಅಂದರೆ 50 ಕಿಲೋಮೀಟರ್. ಬೆಳಿಗ್ಗೆ ದಡದಿಂದ ತುದಿ ಮಾತ್ರ ಕಂಡಿದ್ದ ಹಡಗು ಇಲ್ಲಿಂದ ಪೂರ್ತಿ ಕಾಣುತ್ತಿತ್ತು, ಅದರಾಚೆ ಇನ್ನೂ ಎರಡು. ಕೆಳಗೆ ನಾಲ್ಕು ತೀರಗಳೂ ಒಂದೇ ಗೆರೆಯಲ್ಲಿ ಬಾಗಿ ಮಲಗಿದ್ದವು. ತಂಗಿ ಬಹಳ ಹೊತ್ತು ಏನೂ ಹೇಳಲಿಲ್ಲ. ನನಗೂ ಮಾತು ಬೇಕಿರಲಿಲ್ಲ.

ಹಿಂದಿರುಗುವಾಗ ಸಮುದ್ರ ತುಂಬಿತ್ತು. ಬೆಳಿಗ್ಗೆ 43 ನಿಮಿಷದಲ್ಲಿ ಮುಗಿದಿದ್ದ ಮೂರನೆಯ ತೀರ ಒಣಮರಳಿನಲ್ಲಿ 1 ಗಂಟೆ 22 ನಿಮಿಷ ತಿಂದಿತು. ಬಲ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಕಾಲುಚೀಲದೊಳಗಿನ ಹಿಡಿ ಮರಳನ್ನು ಕೊಡವಲು ಸೋಮಾರಿತನ ಮಾಡಿದ ಫಲ. ಬಂಡೆಗಳ ಬಳಿಗೆ 3 ಗಂಟೆ 22ಕ್ಕೆ ತಲುಪಿ, ದಾರಿ ತೆರೆಯಲೆಂದು ಕಾದು ಕುಳಿತೆವು. ನಡಿಗೆಕೋಲಿನಲ್ಲಿ ಸೆಂಟಿಮೀಟರ್ ಗುರುತುಗಳಿವೆ. ಅದನ್ನು ಒಂದು ಬಂಡೆಗೆ ಆನಿಸಿ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆದುಕೊಂಡೆವು: 27, 29, 28, 26 ಸೆಂಟಿಮೀಟರ್ ಇಳಿಕೆ. ನಾವು ಕುಳಿತದ್ದು ಮೂರನೆಯ, ನಾಲ್ಕನೆಯ ಗಂಟೆಗಳಲ್ಲಿ. 2.2 ಮೀಟರಿನ ಹನ್ನೆರಡರಲ್ಲಿ ಮೂರು ಪಾಲು ಎಂದರೆ ಗಂಟೆಗೆ 55. ನಾವಿಕರ ಲೆಕ್ಕ ನಮ್ಮ ಕೋಲಿನ ಮೇಲೆಯೇ ಮೂಡಿತ್ತು.

5 ಗಂಟೆ 30ಕ್ಕೆ ಆನೆಬೆನ್ನು ಎದ್ದಿತು. 7 ಗಂಟೆ 25ಕ್ಕೆ, ದೀಪದ ಬೆಳಕಿನಲ್ಲಿ, ಹೊರಟ ಜಾಗಕ್ಕೆ ಮುಟ್ಟಿದೆವು.

ಹದಿನೆಂಟನೆಯ ದಿನ

ಬೊಕ್ಕೆಯನ್ನು ಒಡೆಯದೆ ಪಟ್ಟಿ ಕಟ್ಟಿದ್ದೇನೆ. ಷೂ ಬಾಯಿಗೆ ಮರಳು ಹೋಗದಂತೆ ಬಟ್ಟೆಯ ಕವಚ ಹೊಲಿಯಬೇಕು, ಅಳತೆ ತೆಗೆದಾಯಿತು. ಗುಡ್ಡದ ಹಿಂಬದಿಯಿಂದ ರಸ್ತೆಗಿಳಿಯುವ ಚುಕ್ಕಿಗೆರೆಯೊಂದು ನಕ್ಷೆಯಲ್ಲಿದೆ. ಅದು ಈಗಲೂ ನಡೆಯುವಂತಿದ್ದರೆ ಸಂಜೆಯವರೆಗೆ ಬಂಡೆಯ ಬಳಿ ಕಾಯಬೇಕಿಲ್ಲ. ಮೊದಲು ಆ ಕಡೆಯಿಂದಲೇ ಹತ್ತಿ ನೋಡಬೇಕು.

ತಂಗಿ ಆಗಲೇ ಪಟ್ಟಿಯಲ್ಲಿ ಮೂವತ್ತೆರಡನೆಯ ದಿನಕ್ಕೆ ಸುತ್ತು ಹಾಕಿದ್ದಾಳೆ. ಇಳಿತ ಬೆಳಿಗ್ಗೆ 7 ಗಂಟೆ 10ಕ್ಕೆ. ಈ ಸಲ ಪಕ್ಕದ ಕಾಲಮಿನ ಎತ್ತರದ ಕೆಳಗೂ ಒಂದು ಗೆರೆ ಎಳೆದಿದ್ದಾಳೆ.